ಮೂವತ್ತೊಂದನೇ ಬಿಲ್ಲೆ

ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯ ಗೋಡೆಗೆ ಆ ಕಾಗದ ಅಂಟಿಸಿದ್ದರು. ಬಂಗಾರಪೇಟೆಯಲ್ಲಿ ಟ್ರಾವೆಲ್ ಕೋಆರ್ಡಿನೇಟರ್ ಬೇಕಾಗಿದ್ದಾರೆ, ಮೂರು ಭಾಷೆ ಬರಬೇಕು, ಹೆಂಗಸರೂ ಬರಬಹುದು ಎಂದು ಅದರಲ್ಲಿತ್ತು. ಟ್ರಾವೆಲ್ ಎಂದರೆ ಗೊತ್ತು, ಕೋಆರ್ಡಿನೇಟರ್ ಎಂದರೆ ಏನು? ಅಂಗಡಿಯವನನ್ನೇ ಕೇಳಿದೆ.

"ಜನಾನ ಬಸ್ಸಲ್ಲಿ ಯಾತ್ರೆಗೆ ಕರ್ಕೊಂಡೋಗೋದು, ಕರ್ಕೊಂಡ್ಬರೋದು ಕಣಕ್ಕ. ಬೈಯೋ ಕೆಲ್ಸ. ನಿನ್ ಬಾಯಿಗೆ ಸರಿಯಾಗೈತೆ, ಓಗು," ಎಂದು ನಕ್ಕ.

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ ಬದುಕಿದವಳು ನಾನು. ಗಂಡನ ಮನೆಯಿಂದ ತಿರುಗಿ ಬಂದ ಮೇಲೆ ಏಳು ವರ್ಷ ಊರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿಬಂದೆ. ಮಾರಿಕುಪ್ಪಂನಿಂದಲೇ ತುಂಬಿ ಬರುವ ರೈಲು ಅದು. ಕೂರಲು ಜಾಗ ಬೇಕೆಂದರೆ ಬಾಯಿ ಬೇಕೇ ಬೇಕು. ಆಮೇಲೆ ಅಮ್ಮ ತೀರಿಕೊಂಡಳು. ಅಪ್ಪನ ಎರಡೂ ಕಣ್ಣಿಗೆ ಮಸುಕು ಬಂದು, ಒಲೆ ಹತ್ತಿಸಲು ಹೋಗಿ ಒಮ್ಮೆ ಕೈ ಸುಟ್ಟುಕೊಂಡ. ದಿನವಿಡೀ ಅವನನ್ನು ಒಬ್ಬನೇ ಬಿಟ್ಟುಹೋಗುವಂತಿರಲಿಲ್ಲ. ತಿಂಗಳಲ್ಲಿ ಎರಡೋ ಮೂರೋ ಯಾತ್ರೆ, ಉಳಿದ ದಿನ ಹತ್ತಿರದ ಆಫೀಸು ಎಂದರೆ ನನಗೆ ಅದು ದೇವರು ಕೊಟ್ಟ ಕೆಲಸ. ಯಾತ್ರೆಯ ದಿನಗಳಲ್ಲಿ ಅಪ್ಪನ ಊಟ ತಾನು ನೋಡಿಕೊಳ್ಳುತ್ತೇನೆ ಎಂದು ಪಕ್ಕದ ಮನೆಯ ತಮಿಳು ಅಕ್ಕ ಒಪ್ಪಿಕೊಂಡಿದ್ದಳು.

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ ಆಫೀಸು. ಎರಡು ಬಸ್ಸುಗಳ ಮಾಲೀಕರು ಒಂದು ಕುರ್ಚಿಯಲ್ಲಿ, ದೇವರ ಪಟಗಳು ಉಳಿದ ಜಾಗದಲ್ಲಿ. ನನಗಿಂತ ಮುಂಚೆ ಮೂರು ಜನ ಬಂದುಹೋಗಿದ್ದರು. ಭಾಷೆ ಎಷ್ಟು ಬರುತ್ತದೆ ಎಂದು ಕೇಳಿದರು.

"ಕನ್ನಡ, ತೆಲುಗು, ತಮಿಳು ಮೂರೂ ಬರ್ತದೆ ಸಾರ್. ಹಿಂದಿ ಜಗಳ ಆಡುವಷ್ಟು ಮಾತ್ರ," ಎಂದೆ.

ಅವರು ನಗಲಿಲ್ಲ. "ಸರಿ. ನಲವತ್ತೈದು ಜನ ಗುಡಿ ತಾವ ಇಳೀತಾರೆ. ಎಲ್ಲಾರೂ ವಾಪಸ್ ಬಂದವ್ರೆ ಅಂತ ನಿಂಗೆ ಎಂಗಮ್ಮ ಗೊತ್ತಾಗೋದು? ತಲೆ ಎಣಿಸ್ತೀನಿ ಅನ್ಬೇಡ. ಇಂದಿನ ಮೂರು ಜನಾನೂ ಅದನ್ನೇ ಏಳಿದ್ರು. ನೀನು ಎಣಿಸ್ತಿರುವಾಗ್ಲೇ ಒಬ್ಬ ಬೀಡಿ ಸೇದೋಕೆ ಇಳ್ಕೊಂಡಿರ್ತಾನೆ."

ತಲೆ ಎಣಿಸುತ್ತೇನೆ ಎಂದೇ ನನ್ನ ಬಾಯಿಗೂ ಬಂದಿತ್ತು. ನುಂಗಿಕೊಂಡೆ. ಆಗ ನನಗೆ ಅಪ್ಪನ ಹಲಗೆ ನೆನಪಾಯಿತು.

ಅಪ್ಪ ನಮ್ಮೂರಿನ ಚಿನ್ನದ ಗಣಿಯಲ್ಲಿದ್ದರೂ ಕೆಳಗಿಳಿದು ದುಡಿದವನಲ್ಲ. ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಕೂತು ಬಿಲ್ಲೆ ಕೊಡುವವನು. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಪ್ಪನಿಂದ ಪಡೆದು ಇಳಿಯಬೇಕು. ಮೇಲೆ ಬಂದಾಗ ಅದನ್ನು ಅಪ್ಪನ ಕೈಗೆ ಕೊಡಬೇಕು. ಅಪ್ಪ ಅದನ್ನು ಹಲಗೆಯ ಮೊಳೆಗೆ ನೇತುಹಾಕುತ್ತಾನೆ. ಮೊಳೆ ಖಾಲಿ ಇದೆ ಎಂದರೆ ಆ ಮನುಷ್ಯ ಇನ್ನೂ ಭೂಮಿಯ ಕೆಳಗಿದ್ದಾನೆ. ಹಲಗೆ ತುಂಬುವವರೆಗೆ ಅಪ್ಪ ಮನೆಗೆ ಬರುತ್ತಿರಲಿಲ್ಲ. ನನ್ನ ಬಾಲ್ಯದ ಎಷ್ಟೋ ಸಂಜೆ ಅನ್ನ ಆರಿಹೋಗುತ್ತಿತ್ತು, ಅಮ್ಮ ಗೊಣಗುತ್ತಿದ್ದಳು.

ಇದನ್ನೆಲ್ಲ ಮಾಲೀಕರಿಗೆ ಹೇಳಿದೆ. ಬಸ್ಸಿನಲ್ಲೂ ಹಾಗೇ ಮಾಡೋಣ ಸಾರ್, ಡ್ರೈವರ್ ಸೀಟಿನ ಹಿಂದೆ ಒಂದು ಹಲಗೆ, ನಲವತ್ತೈದು ಮೊಳೆ, ನಲವತ್ತೈದು ಬಿಲ್ಲೆ ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನನ್ನು ನೋಡಿದರು.

"ನಿಮ್ಮಪ್ಪಂಗೆ ಕೆಲ್ಸ ಕೊಡ್ಬೇಕಾಗಿತ್ತು ನಾನು. ಸೋಮವಾರದಿಂದ ಬಾ," ಎಂದರು.

ಅಪ್ಪನಿಗೆ ಹೇಳಿದೆ. ಎದ್ದು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದ. ಗಣಿ ಮುಚ್ಚಿದ ಮೇಲೆ ಮುಟ್ಟದೆ ಬಿಟ್ಟಿದ್ದ ಸುತ್ತಿಗೆ, ತಗಡಿನ ಕತ್ತರಿ, ಅರ ಎಲ್ಲವನ್ನೂ ತಂದು ಹರಡಿದ. ಎರಡು ಎಣ್ಣೆ ಡಬ್ಬ ಬೇಕು ಎಂದ. ದಿನಸಿ ಅಂಗಡಿಯಿಂದ ತಂದುಕೊಟ್ಟೆ. ಒಂದು ವಾರ ಕೂತು ತಗಡನ್ನು ದುಂಡಗೆ ಕತ್ತರಿಸಿದ, ಕೈಗೆ ತಾಗದಂತೆ ಅರದಿಂದ ಅಂಚು ಉಜ್ಜಿದ, ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ನಂಬರು ಹೊಡೆದ. ಕಣ್ಣು ಕಾಣದಿದ್ದರೂ ಬೆರಳಿಗೆ ಕಾಣುತ್ತಿತ್ತು. ಅಮ್ಮ ಸತ್ತ ಮೇಲೆ ಆ ವಾರವೇ ಅವನು ಸರಿಯಾಗಿ ಉಂಡದ್ದು.

"ನೋಡು ಅಮ್ಮಣ್ಣಿ," ಎಂದ ಕೊನೆಯ ಬಿಲ್ಲೆಗೆ ದಾರ ಕಟ್ಟುತ್ತಾ, "ಬಿಲ್ಲೇನ ಅದರ ಯಜಮಾನನ ಕೈಯಿಂದ್ಲೇ ಇಸ್ಕೋಬೇಕು. ಅಣ್ಣಂದು ತಮ್ಮ ಕೊಟ್ರೂ ಇಸ್ಕೋಬಾರ್ದು, ಗಂಡಂದು ಎಂಡ್ತಿ ಕೊಟ್ರೂ ಇಸ್ಕೋಬಾರ್ದು. ನಂಬರ್ ಆಮೇಲೆ ನೋಡು, ಮೊದ್ಲು ಮುಖ ನೋಡು. ನನ್ ಹಲಗೆ ಒಂದ್ ದಿನಕ್ಕೂ ಸುಳ್ಳೇಳಿಲ್ಲ."

"ಆಯ್ತಪ್ಪಾ, ಎಷ್ಟು ಸಲ ಏಳ್ತೀಯಾ," ಎಂದೆ. ನಿಜಕ್ಕೂ ಅವನು ಹೇಳಿದ್ದು ಅದೊಂದೇ ಸಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ತಿರುಪತಿ, ತಿರುವಣ್ಣಾಮಲೆ, ಧರ್ಮಸ್ಥಳ, ರಾಮೇಶ್ವರ. ನಮ್ಮ ಬಸ್ಸಿಗೆ ಬರುವವರು ದೊಡ್ಡವರಲ್ಲ. ಕೂಲಿ ಮಾಡುವವರು, ಕುರಿ ಕಾಯುವವರು, ವರ್ಷವಿಡೀ ಚೀಟಿ ಕಟ್ಟಿ ಒಂದು ಯಾತ್ರೆ ಮಾಡುವವರು. ಕೆಲವರು ಕೋಲಾರ ಜಿಲ್ಲೆ ದಾಟುವುದು ಅದೇ ಮೊದಲು. ಗಣಿಯ ಹಳೆಯ ಕಾರ್ಮಿಕರು ಹತ್ತಿದರಂತೂ ಹಲಗೆ ನೋಡಿ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. "ಏನಮ್ಮಾ, ಮತ್ತೆ ಶಾಫ್ಟಿಗೆ ಇಳಿಸ್ತೀಯಾ ನಮ್ಮನ್ನ?" ಎಂದು ಒಬ್ಬ ಮುದುಕ ಬಿಲ್ಲೆಯನ್ನು ಹಣೆಗೆ ಒತ್ತಿಕೊಂಡ. ಎಲ್ಲರೂ ನನ್ನನ್ನು ಬಿಲ್ಲೆ ಅಕ್ಕ ಎನ್ನತೊಡಗಿದರು. ನನಗೆ ಒಳಗೊಳಗೇ ಜಂಬ. ಪ್ರತಿ ಯಾತ್ರೆ ಮುಗಿಸಿ ಬಂದಾಗಲೂ ಅಪ್ಪ ಬಾಗಿಲಲ್ಲೇ ಕೇಳುತ್ತಿದ್ದ, "ಹಲಗೆ ತುಂಬ್ತಾ?" "ತುಂಬ್ತು," ಎನ್ನುತ್ತಿದ್ದೆ. ಆಮೇಲೆಯೇ ಅವನು ಊಟಕ್ಕೆ ಕೂರುತ್ತಿದ್ದ.

ಆ ಸಲ ರಾಮೇಶ್ವರದ ಯಾತ್ರೆಗೆ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಿಂದ ಏಳೆಂಟು ಜನ ಬಂದಿದ್ದರು. ಅವರಲ್ಲಿ ಇಬ್ಬರು ವಾರಗಿತ್ತಿಯರು. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ಒಂದೇ ಮನೆಯಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದವರು. ದೊಡ್ಡಾಕೆ ಗಟ್ಟಿಗಿತ್ತಿ. ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಮುಂದಿನ ಸೀಟು ಕೇಳಿ ಪಡೆದು ಒಬ್ಬಳೇ ಕೂತಿದ್ದಳು. ಚಿಕ್ಕಾಕೆ ಹಿಂದೆ, ತನ್ನ ಊರಿನ ಹೆಂಗಸರ ಜೊತೆ. ಅವಳದು ಮೂವತ್ತೊಂದನೇ ಬಿಲ್ಲೆ. ಸಣ್ಣ ಮೈ, ಯಾರು ಏನಂದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದು. ಕನ್ನಡ ತೆಲುಗು ಬಿಟ್ಟರೆ ಬೇರೆ ಭಾಷೆ ಇಲ್ಲ, ಫೋನು ಇಲ್ಲ.

ಮೊದಲ ದಿನ ಮಧುರೈ. ದರ್ಶನ ಮುಗಿಸಿ ಎಲ್ಲರೂ ಬಂದರು, ಈಕೆಯೂ ಬಂದಳು, ಆದರೆ ಬಿಲ್ಲೆ ಇಲ್ಲ. ಸೆರಗಿನ ಗಂಟಿನಲ್ಲಿ ಇಟ್ಟಿದ್ದೆ ಎನ್ನುತ್ತಾಳೆ, ಗಂಟು ಬಿಚ್ಚಿದರೆ ಇಲ್ಲ. ಬಿಸಿಲು ಕಾಯುತ್ತಿತ್ತು. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅರ್ಧ ಗಂಟೆ ಹುಡುಕಿದ ಮೇಲೆ ಅವಳ ಎಲೆಅಡಿಕೆ ಚೀಲದ ತಳದಲ್ಲಿ ಸಿಕ್ಕಿತು. ನನಗೆ ಪಿತ್ತ ನೆತ್ತಿಗೇರಿತ್ತು.

"ಏನಜ್ಜೀ, ಮಕ್ಳಾಟಾನಾ ಇದು? ಇನ್ನೊಂದ್ ಸಲ ಬಿಲ್ಲೆ ಇಲ್ದೆ ಬಂದ್ರೆ ಬಸ್ ಅತ್ತಿಸಲ್ಲ ನೋಡು. ಅಲ್ಲೇ ಬಿಟ್ಟೋಗ್ತೀನಿ!" ಎಂದು ಎಲ್ಲರ ಮುಂದೆ ಕೂಗಿದೆ.

ಬಸ್ಸಿನವರೆಲ್ಲ ನಕ್ಕರು. ಅವಳೂ ಸೆರಗು ಮುಚ್ಚಿಕೊಂಡು ನಕ್ಕಳು. ಬಾಯಿ ಮಾತಿಗೆ ಅಂದದ್ದು ಅದು. ಅಂತಹ ಮಾತು ದಿನಕ್ಕೆ ಹತ್ತು ಆಡುತ್ತಿದ್ದೆ, ಬಸ್ಸು ಮುಂದಿನ ಊರು ತಲುಪುವಷ್ಟರಲ್ಲಿ ಮರೆಯುತ್ತಿದ್ದೆ. ಅದನ್ನೂ ಮರೆತೆ.

ಮರುದಿನ ರಾಮೇಶ್ವರ. ಅಲ್ಲಿ ಗುಡಿಯೊಳಗೇ ಇಪ್ಪತ್ತೆರಡು ಬಾವಿಗಳು. ಒಂದೊಂದರ ನೀರನ್ನೂ ತಲೆಯ ಮೇಲೆ ಸುರಿಸಿಕೊಂಡು ಹೋಗಬೇಕು. ಉದ್ದನೆಯ ಕಲ್ಲಿನ ಪ್ರಾಕಾರ ಪೂರ್ತಿ ಒದ್ದೆ, ಜನ ಪೂರ್ತಿ ಒದ್ದೆ, ಯಾರು ನಮ್ಮವರು ಯಾರು ಬೇರೆಯವರು ತಿಳಿಯದು. ಮಧ್ಯಾಹ್ನಕ್ಕೆ ಒಬ್ಬೊಬ್ಬರಾಗಿ ಬಸ್ಸಿಗೆ ಬಂದರು. ನಾನು ಬಾಗಿಲಲ್ಲಿ ನಿಂತು ಬಿಲ್ಲೆ ಇಸಿದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಾಲೀಕರ ಫೋನು. ಶ್ರೀರಂಗದ ಛತ್ರದವರು ಸಂಜೆಯೊಳಗೆ ಬರದಿದ್ದರೆ ರೂಮು ಬೇರೆಯವರಿಗೆ ಕೊಡುತ್ತಾರಂತೆ, ಬೇಗ ಹೊರಡು ಎಂದು ಅವರು ಆ ಕಡೆ ಕೂಗುತ್ತಿದ್ದರು. ಗಾಡಿ ತೆಗೀರಿ ಎಂದು ಪೊಲೀಸಿನವನು ತಮಿಳಿನಲ್ಲಿ ಈ ಕಡೆ ಕೂಗುತ್ತಿದ್ದ. ದೊಡ್ಡಾಕೆ ಬಂದು ನನ್ನ ಕೈಗೆ ಎರಡು ಬಿಲ್ಲೆ ಇಟ್ಟಳು.

"ಇದು ನಂದು, ಇದು ಅವಳ್ದು. ಕಳಕೊಂಡ್ಬುಡ್ತೀನಿ ಅಂತ ನನ್ ತಾವ ಕೊಟ್ಟಿದ್ಲು. ಇಂದೆ ಬತ್ತಾವಳೆ," ಎಂದಳು.

ಫೋನು ಕಿವಿಯಲ್ಲಿತ್ತು. ಕೈ ತಾನೇ ಇಸಿದುಕೊಂಡಿತು. ಎರಡನ್ನೂ ನೇತುಹಾಕಿದೆ. ಇನ್ನೂ ಏಳೆಂಟು ಜನ ಬಂದರು, ಹಲಗೆ ತುಂಬಿತು. ತುಂಬಿದ ಹಲಗೆಯನ್ನು ಒಮ್ಮೆ ನೋಡಿ, ರೈಟ್ ಎಂದೆ. ಬಸ್ಸು ಹೊರಟಿತು. ಮುಂದೆ ಕೂತ ದೊಡ್ಡಾಕೆ ಇವಳು ಹಿಂದಿದ್ದಾಳೆ ಎಂದುಕೊಂಡಳು. ಹಿಂದಿನವರು ಇವಳು ವಾರಗಿತ್ತಿಯ ಪಕ್ಕ ಹೋಗಿ ಕೂತಿದ್ದಾಳೆ ಎಂದುಕೊಂಡರು. ನಾನು ಏನನ್ನೂ ಅಂದುಕೊಳ್ಳಲಿಲ್ಲ. ಹಲಗೆ ತುಂಬಿತ್ತಲ್ಲ.

ಸಮುದ್ರದ ಸೇತುವೆ ದಾಟಿ, ರಾಮನಾಥಪುರದಲ್ಲಿ ಊಟಕ್ಕೆ ನಿಲ್ಲಿಸಿದೆವು. ಇಳಿಯುವವರಿಗೆಲ್ಲ ಬಿಲ್ಲೆ ಕೊಡುತ್ತಾ ಬಂದೆ. ಎಲ್ಲರೂ ಇಳಿದರು. ಹಲಗೆಯಲ್ಲಿ ಒಂದು ಬಿಲ್ಲೆ ಉಳಿಯಿತು.

"ಮೂವತ್ತೊಂದು ಯಾರು?" ಎಂದು ಖಾಲಿ ಬಸ್ಸಿನೊಳಗೆ ಕೂಗಿದೆ. ಯಾರೋ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿರಬೇಕು ಎಂದು ಬಗ್ಗಿ ನೋಡಿದೆ. ಆಮೇಲೆ ಇಳಿದು ದೊಡ್ಡಾಕೆಯನ್ನು ಹುಡುಕಿಕೊಂಡು ಓಡಿದೆ.

ಉಳಿದವರನ್ನು ಡ್ರೈವರಿಗೆ ಒಪ್ಪಿಸಿ, ದೊಡ್ಡಾಕೆಯನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ವಾಪಸ್ಸು ಹೋದೆ. ದಾರಿಯುದ್ದಕ್ಕೂ ಆಕೆ ಎದೆ ಎದೆ ಬಡಿದುಕೊಂಡಳು. "ಅಯ್ಯೋ ನನ್ ಕೈಗೆ ಬೆಂಕಿ ಬೀಳಾ, ನಾನ್ಯಾಕೆ ಕೊಟ್ನೋ," ಎನ್ನುತ್ತಿದ್ದಳು. ನಾನು ಯಾಕೆ ಇಸಿದುಕೊಂಡೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಬಸ್ಸು ನಿಂತಿದ್ದ ಜಾಗದಲ್ಲಿ ಬೇರೆ ಬಸ್ಸು ನಿಂತಿತ್ತು. ಗುಡಿಯ ಮೈಕಿನಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿದೆ. ಪ್ರಾಕಾರವನ್ನು ಎರಡು ಸುತ್ತು ಓಡಿದೆ. ಕೊನೆಗೆ ಬಾಗಿಲ ಬಳಿ ಹೂ ಮಾರುವ ಹೆಂಗಸೊಬ್ಬಳು ಹೇಳಿದಳು. ಸಣ್ಣ ಮೈಯ ಮುದುಕಿ, ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಳು, ನಾವೇ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು.

ಸೊಂಟದ ಮೂಳೆ ಮುರಿದಿತ್ತು. ಈಯಮ್ಮ ಬಂದಾಗಿನಿಂದ ‘ಬಿಲ್ಲೆ, ಬಿಲ್ಲೆ’ ಎನ್ನುತ್ತಿದ್ದಾಳೆ, ಅದು ಮಗಳ ಹೆಸರೋ ಏನೋ ನಮಗೆ ತಿಳಿಯಲಿಲ್ಲ ಎಂದು ನರ್ಸು ಹೇಳಿದಳು. ನಾನು ಮಂಚದ ಹತ್ತಿರ ಹೋದೆ. ನನ್ನನ್ನು ನೋಡಿದವಳೇ ಅವಳು ಸೆರಗಿಗಾಗಿ ಕೈಯಾಡಿಸಿದಳು.

"ಬೈಬ್ಯಾಡ ಕಣಮ್ಮ," ಎಂದಳು.

ಮನೆಗೆ ಬಂದದ್ದು ನಾಲ್ಕು ದಿನ ತಡವಾಗಿ. ಫೋನಿನಲ್ಲಿ ಅಪ್ಪನಿಗೆ ಅಷ್ಟಿಷ್ಟು ತಿಳಿದಿತ್ತು. ಆ ಸಲ ಅವನು ಹಲಗೆ ತುಂಬಿತೇ ಎಂದು ಕೇಳಲಿಲ್ಲ.

"ಆಯಮ್ಮ ಒರಗಡೆ ಇದ್ರೆ ಬಿಲ್ಲೆ ಎಂಗೆ ಒಳಗೆ ಬಂತು ಅಮ್ಮಣ್ಣಿ? ಅವ್ರ ಕೈಯಿಂದ್ಲೇ ಇಸ್ಕೊಂಡ್ಯಾ?"

"ಹೂಂ," ಎಂದೆ. "ಕೊಟ್ಟು ಆಮೇಲೆ ಇಳಿದವ್ರೆ ಅಂತ ಕಾಣ್ತದೆ."

ಸುಳ್ಳು. ಅವನು ಹೇಳಿಕೊಟ್ಟದ್ದು ಒಂದೇ ಮಾತು, ಅದನ್ನು ಮುರಿದೆ ಎಂದು ಹೇಳಲು ನನ್ನ ಈ ಜೋರು ಬಾಯಿಗೆ ಧೈರ್ಯ ಬರಲಿಲ್ಲ.

ಅದಾದ ಮೇಲೆ ದಿನಾ ಬೆಳಗ್ಗೆ ಅಪ್ಪ ಚಾಪೆ ಹಾಸಿ, ಬಸ್ಸಿನಿಂದ ನಾನು ಮನೆಗೆ ತಂದಿಟ್ಟಿದ್ದ ನಲವತ್ತೈದು ಬಿಲ್ಲೆಗಳನ್ನೂ ಸಾಲಾಗಿ ಇಡುತ್ತಿದ್ದ. ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ ನಂಬರು ಓದುತ್ತಿದ್ದ. ತಾನೇ ಒಂದೇ ನಂಬರು ಎರಡು ಸಲ ಹೊಡೆದಿರಬೇಕು, ಅದಕ್ಕೇ ಹಲಗೆ ಸುಳ್ಳು ಹೇಳಿದೆ ಎಂದು ಅವನಿಗೆ ಅನುಮಾನ. ನಲವತ್ತೈದಕ್ಕೆ ಮುಗಿದರೆ ಮತ್ತೆ ಒಂದರಿಂದ. ನಾನು ಒಲೆಯ ಮುಂದೆ ಕೂತು ನೋಡುತ್ತಿದ್ದೆ, ರೊಟ್ಟಿ ಸೀಯುತ್ತಿತ್ತು.

ತಿಂಗಳಾದ ಮೇಲೆ ಹಣ್ಣು ಕಟ್ಟಿಕೊಂಡು ಆ ಹಳ್ಳಿಗೆ ಹೋದೆ. ಹೋಗಬೇಡ, ಮೇಲೆ ಬಿದ್ದು ಜಗಳ ತೆಗೆಯುತ್ತಾರೆ ಎಂದು ಮಾಲೀಕರು ಹೇಳಿದ್ದರು. ಯಾರೂ ಜಗಳ ತೆಗೆಯಲಿಲ್ಲ. ನೀರು ಕೊಟ್ಟರು, ಚಾಪೆ ಹಾಸಿದರು. ಅವಳು ಪಡಸಾಲೆಯ ಮಂಚದ ಮೇಲಿದ್ದಳು, ಇನ್ನೂ ಸಣ್ಣಗಾಗಿದ್ದಳು. ತಡೆಯಲಾರದೆ ಕೇಳಿದೆ. ಅಷ್ಟು ಹೊತ್ತು ಎಲ್ಲಿದ್ದೆ ಅಜ್ಜಿ, ಬಸ್ಸು ಸಿಗಲಿಲ್ಲವೇ ನಿನಗೆ?

"ಸಿಕ್ತಲ್ಲಮ್ಮ," ಎಂದಳು. "ಬಸ್ ಅಲ್ಲೇ ನಿಂತಿತ್ತು. ಬಾಗ್ಲಾಗೆ ನೀನು ಫೋನಾಗೆ ಮಾತಾಡ್ತಿದ್ದೆ, ಕಂಡೆ. ನನ್ ತಾವ ಬಿಲ್ಲೆ ಇರ್ಲಿಲ್ಲ. ಬಿಲ್ಲೆ ಇಲ್ದೆ ಅತ್ತಿಸಲ್ಲ ಅಂದಿದ್ದಲ್ಲ ನೀನು. ಅಕ್ಕನ ತಾವ ಇಸ್ಕೊಂಡ್ ಬತ್ತೀನಿ ಅಂತ ವಾಪಸ್ ಗುಡಿಗೋದೆ. ಅವ್ಳು ಅಲ್ಲಿರ್ಲಿಲ್ಲ."

ದೊಡ್ಡಾಕೆ ಆಗಲೇ ಬಸ್ಸಿನಲ್ಲಿ ಕೂತಿದ್ದಳು. ಬಿಲ್ಲೆ ಆಗಲೇ ಹಲಗೆಯ ಮೇಲಿತ್ತು. ಇವಳು ನನ್ನಿಂದ ಹತ್ತು ಮಾರು ದೂರದಲ್ಲಿ ನಿಂತು, ನನ್ನ ಬಾಯಿಗೆ ಹೆದರಿ, ತಿರುಗಿ ಹೋದಳು. ಅಲ್ಲೇ ನೆಲಕ್ಕೆ ಕುಸಿದು ಅತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಅವಳು ನನ್ನ ತಲೆ ಸವರಿ, "ನಂದೇ ತೆಪ್ಪು ಬಿಡಮ್ಮ. ನಾನ್ ಇಟ್ಕೋಬೇಕಾಗಿತ್ತು," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಬಿಲ್ಲೇನ ನಂಗೆ ಕೊಡ್ತೀಯಾ? ಸೊಂಟ ಸರಿಯೋದ್ರೆ ತಿರುಪ್ತಿಗಾದ್ರೂ ಬತ್ತೀನಿ. ಈ ಸಲ ಯಾರ್ ಕೈಗೂ ಕೊಡಲ್ಲ," ಎಂದಳು.

ಮನೆಗೆ ಬಂದಾಗ ಅಪ್ಪ ಚಾಪೆಯ ಮುಂದೆಯೇ ಇದ್ದ. ನಾನು ಸಾಲಿನಿಂದ ಮೂವತ್ತೊಂದನ್ನು ಎತ್ತಿಕೊಂಡೆ. ಕೈ ಖಾಲಿ ಜಾಗಕ್ಕೆ ತಾಗಿ ಅವನು ತಲೆಯೆತ್ತಿದ.

"ನಿನ್ ಬಿಲ್ಲೆ ಸರಿಯಾಗೈತೆ ಅಪ್ಪಾ. ಎಣಿಸಬ್ಯಾಡ," ಎಂದೆ. "ನಾನು ಬೇರೆಯೋರ ಕೈಯಿಂದ ಇಸ್ಕೊಂಡೆ."

ಅವನು ಚಾಪೆಯ ಮೇಲಿನ ಬಿಲ್ಲೆಗಳನ್ನು ಒಟ್ಟುಗೂಡಿಸಿದ. "ಅಂಗಂದ್ರೆ ಹಲಗೇದು ತೆಪ್ಪಿಲ್ಲ," ಎಂದ. ಅವನ ಮುಖ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಗೇ ಅದಕ್ಕೆ ತಾನೇ ನಾಚಿಕೊಂಡವನಂತೆ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಒಂದು ಚೂರು ದಾರ ಹುಡುಕಿ ತೆಗೆದು, ಆ ಬಿಲ್ಲೆಗೆ ಹೊಸದಾಗಿ ಕಟ್ಟಿಕೊಟ್ಟ, ಕೊರಳಿಗೆ ಹಾಕಿಕೊಳ್ಳುವಷ್ಟು ಉದ್ದ. ಮರುದಿನ ಹೋಗಿ ಅವಳ ಕೈಗೇ ಕೊಟ್ಟುಬಂದೆ.

ಕೆಲಸ ಬಿಡಲಿಲ್ಲ. ಬಿಟ್ಟರೆ ಬದುಕಿಲ್ಲ. ಈಗ ಬಿಲ್ಲೆ ಇಸಿದುಕೊಂಡ ಮೇಲೂ ಪ್ರತಿ ಸೀಟಿಗೂ ಹೋಗಿ ಭುಜ ಮುಟ್ಟಿ ನೋಡುತ್ತೇನೆ. ಬಿಲ್ಲೆ ಕಳೆದುಕೊಂಡವರನ್ನು ಮೊದಲು ಹತ್ತಿಸಿಕೊಳ್ಳುತ್ತೇನೆ. ಬಿಲ್ಲೆ ಅಕ್ಕ ಸಾಧುವಾಗಿಬಿಟ್ಟಳು ಎಂದು ಡ್ರೈವರ್ ಗೇಲಿ ಮಾಡುತ್ತಾನೆ.

ಯುಗಾದಿಗೆ ಮುಂಚೆ ದೊಡ್ಡಾಕೆ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಚಿಕ್ಕಾಕೆಯ ಹನ್ನೊಂದನೇ ದಿನದ ಕಾರ್ಯವೂ ಮುಗಿಯಿತಂತೆ. ಮಂಚ ಬಿಟ್ಟು ಏಳಲೇ ಇಲ್ಲವಂತೆ. ಆಕೆ ಸೆರಗಿನ ಗಂಟು ಬಿಚ್ಚಿ, ಉದ್ದನೆಯ ದಾರದ ಸಮೇತ ಬಿಲ್ಲೆಯನ್ನು ನನ್ನ ಮುಂದೆ ಹಿಡಿದಳು.

"ತಕಳಮ್ಮ. ಓಗೋ ಮುಂಚೆ ಅದೊಂದೇ ಏಳ್ತಿದ್ಲು. ಇದನ್ನ ಮರೀದೆ ಆಯಮ್ಮಂಗೆ ಕೊಟ್ಬುಡಕ್ಕ, ಇಲ್ದಿದ್ರೆ ಬೈತಾಳೆ ಅಂತ."

ನಾನು ಕೈ ಚಾಚಿ ಇಸಿದುಕೊಂಡೆ. ಅದೇ ಬಿಲ್ಲೆ, ಅದೇ ಕೈಯಿಂದ, ಎರಡನೇ ಸಲ.